ಅಟ್ಟದ ಮೇಲಿನ ಟ್ರಂಕು: 14 ದಿನದಲ್ಲಿ ಏನೇನು ಉಳಿಸಬಹುದು?

ಹೊಳೆಸಾಲು:
ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ 14 ದಿನ ಊರಲ್ಲಿರುತ್ತೇನೆ. ಹೊನ್ನಾವರದ ಹತ್ತಿರ, ಶರಾವತಿ ದಂಡೆಯ ಹೆಂಚಿನ ಮನೆ. ಮಾರ್ಚಿಗೆ ಹೆಂಚು ಇಳಿಸುತ್ತಾರೆ, ಅಷ್ಟರೊಳಗೆ ಅಟ್ಟ ಖಾಲಿಯಾಗಬೇಕು. ಮೇಲಿರುವುದು ಇಷ್ಟು: 64 ಕ್ಯಾಸೆಟ್ (40 ಮನೆಯಲ್ಲೋ ಯಕ್ಷಗಾನದ ಆಟ ನಡೆಯುವಲ್ಲೋ ರೆಕಾರ್ಡ್ ಮಾಡಿದ್ದು, ಉಳಿದವು ಕಂಪನಿಯವು), ಸುಮಾರು 280 ಪುಸ್ತಕ, 11 ಹಳೇ ಗ್ರಾಮಫೋನ್ ತಟ್ಟೆ, ಅಜ್ಜ ಕೈಯಲ್ಲಿ ಬರೆದಿಟ್ಟ ಪ್ರಸಂಗದ (ಆಟದ ಕಥಾಪದ್ಯಗಳ) ಪಟ್ಟಿಗಳು, ಅಂದರೆ ನೋಟ್‌ಬುಕ್ಕುಗಳು. ಟೊರೊಂಟೊದ ಮನೆಯಲ್ಲಿ ಇರೋದು ಒಂದೇ ಕಪಾಟು. ಯಾವುದನ್ನು ಒಯ್ಯಬೇಕು, ಯಾವುದನ್ನು ಅಲ್ಲೇ ಕಾಪಿ ಮಾಡಬೇಕು, ಯಾವುದರಿಂದ ಶುರು ಮಾಡಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಕಪ್ಪು ಮೂರು:
ಮೊದಲು ಕ್ಯಾಸೆಟ್, ಯಾಕೆಂದರೆ ಅದರಲ್ಲಿ ಸಮಯ ಉಳಿಸುವ ದಾರಿ ಇಲ್ಲ. 90 ನಿಮಿಷದ್ದನ್ನು ತುಂಬಿಸಿಕೊಳ್ಳಲು 90 ನಿಮಿಷವೇ ಬೇಕು. ನಿಮ್ಮ 40 ಕ್ಯಾಸೆಟ್ 90ರವು ಅಂದುಕೊಂಡರೆ 60 ತಾಸು. ಬರುವ ಹೋಗುವ ದಿನ, ನೆಂಟರಿಷ್ಟರು, ಕರೆಂಟು ಹೋಗುವುದು ಎಲ್ಲ ಕಳೆದು ದಿನಕ್ಕೆ 6 ತಾಸಿನಂತೆ 10 ದಿನ. ಸರಿಯಾಗಿ ಅಷ್ಟಕ್ಕಷ್ಟೇ. ಕಂಪನಿಯ 24ನ್ನು ಸದ್ಯಕ್ಕೆ ಬದಿಗಿಡಿ. ಅವುಗಳ ಪ್ರತಿ ಬೇರೆಯವರ ಮನೆಯಲ್ಲೂ ಇರುತ್ತದೆ. ಆ 40 ಮಾತ್ರ ಜಗತ್ತಿನಲ್ಲಿ ಒಂದೊಂದೇ.

ಡೆಕ್ಕನ್ನು ನೀವು ಬರುವ ಮೊದಲೇ ರೆಡಿ ಮಾಡಿಸಿಡಿ. ವರ್ಷಗಟ್ಟಲೆ ಕೂತ ಡೆಕ್ಕಿನಲ್ಲಿ ಬೆಲ್ಟು ಕರಗಿ ಡಾಂಬರಿನ ಹಾಗೆ ರಾಟೆಗೆ ಅಂಟಿರುತ್ತದೆ. ಅದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಪೂರ್ತಿ ಒರೆಸಿ ತೆಗೆಯದೆ ಹೊಸ ಬೆಲ್ಟು ಹಾಕಿದರೆ ಅದೂ ಜಾರುತ್ತದೆ. ನೇರ ಯುಎಸ್‌ಬಿಗೆ ತುಂಬಿಸುವ ಅಗ್ಗದ ಪ್ಲೇಯರ್ ಬೇಡ. ಅದರ ಮೋಟಾರು ಓಲಾಡುತ್ತದೆ, ಭಾಗವತರು (ಆಟದ ಹಾಡುಗಾರರು) ಎಳೆದ ಆಲಾಪನೆ ನಡುಗುತ್ತದೆ. ಹಳೆಯ ಒಳ್ಳೆ ಡೆಕ್ಕು, ಲೈನ್ ಔಟ್‌ನಿಂದ ಒಂದು ಆಡಿಯೋ ಇಂಟರ್‌ಫೇಸ್, ಅಲ್ಲಿಂದ ಲ್ಯಾಪ್‌ಟಾಪು, ಅದರಲ್ಲಿ ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರು. ಇಷ್ಟು ಸಾಕು.

ಸೆಟ್ಟಿಂಗು: 24 ಬಿಟ್, 48 ಕಿಲೋಹರ್ಟ್ಜ್, ವೇವ್ ಫೈಲು, ಸ್ಟೀರಿಯೋ. ತಾಸಿಗೆ ಸುಮಾರು 1 ಜಿಬಿ, 60 ತಾಸಿಗೆ 60-65 ಜಿಬಿ. ಚಂಡೆ ಬಿದ್ದಾಗ ಮಟ್ಟ ಮೈನಸ್ 12 ಡೆಸಿಬೆಲ್ ದಾಟದಂತೆ ಇಟ್ಟುಕೊಳ್ಳಿ. ಭಾಗವತಿಕೆ ಕೇಳಿ ಮಟ್ಟ ಕೂಡಿಸಿದರೆ ಏರುಪದದಲ್ಲಿ (ರಭಸದ ಹಾಡಿನಲ್ಲಿ) ಚಂಡೆ ಶುರುವಾದ ಕೂಡಲೇ ಒಡೆಯುತ್ತದೆ, ಒಡೆದದ್ದು ಮತ್ತೆ ಸರಿಯಾಗದು. ಕಡಿಮೆ ಮಟ್ಟದಲ್ಲಿ ತುಂಬಿಸಿದ್ದನ್ನು 24 ಬಿಟ್‌ನಲ್ಲಿ ಆಮೇಲೆ ಏರಿಸಿಕೊಳ್ಳಬಹುದು. ತುಂಬಿಸುವಾಗ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದಿಡಿ, ಗುಂಯ್‌ಗುಡುವುದು ಅರ್ಧ ಅಲ್ಲೇ ನಿಲ್ಲುತ್ತದೆ. ಡಾಲ್ಬಿ (ಟೇಪಿನ ಸುಯ್ ಸದ್ದು ತಗ್ಗಿಸುವ ಡೆಕ್ಕಿನ ಸೌಲಭ್ಯ) ಬಂದ್ ಇರಲಿ. ಟೂ-ಇನ್-ಒನ್‌ನಲ್ಲಿ ಮಾಡಿದ ರೆಕಾರ್ಡಿಂಗಿಗೆ ಅದು ಇರುವುದಿಲ್ಲ, ಹಾಕಿದರೆ ಜಾಗಟೆಯ ಹೊಳಪು ಸಾಯುತ್ತದೆ.

ಯಾಣದ ದಾರಿ:
ಕಪ್ಪು ಮೂರು ಅವರೆ, ಬೂಸ್ಟು ಹಿಡಿದ ಕ್ಯಾಸೆಟ್ ಬಗ್ಗೆ ಹೇಳದೆ ಮುಂದೆ ಹೋಗಬೇಡಿ. ನಮ್ಮ ಕಡೆ ಅಟ್ಟದ ಮೇಲೆ ಇದ್ದ ಕ್ಯಾಸೆಟ್‌ಗಳಲ್ಲಿ ಬೂಸ್ಟು ಇಲ್ಲದ್ದೇ ಕಡಿಮೆ.

ಕಪ್ಪು ಮೂರು:
ಹೌದು. ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನಡುವಿನ ಕಿಟಕಿಯಲ್ಲಿ ನೋಡಿ. ಸುತ್ತಿದ ಟೇಪಿನ ಅಂಚು ಕಂದು ಬಣ್ಣದಲ್ಲಿ ನಯವಾಗಿ ಹೊಳೆದರೆ ಸರಿ. ಬಿಳಿ ಪುಡಿಯೋ ಜೇಡರ ಬಲೆಯಂಥದ್ದೋ ಕಂಡರೆ ಅದನ್ನು ಡೆಕ್ಕಿಗೆ ಹಾಕಲೇಬೇಡಿ. ಒಂದು ಬೂಸ್ಟಿನ ಕ್ಯಾಸೆಟ್ ಹೆಡ್ಡಿಗೆ ಅಂಟಿಸಿದ್ದನ್ನು ಮುಂದಿನ ಹತ್ತು ಕ್ಯಾಸೆಟ್ ಹಂಚಿಕೊಳ್ಳುತ್ತವೆ.

ಅಂಥವನ್ನು ಬೇರೆ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ನಾಲ್ಕೈದು ದಿನ ಮುಚ್ಚಿಡಿ. ಒಣಗಿದ ಬೂಸ್ಟು ಉದುರುತ್ತದೆ, ಹಸಿಯದ್ದು ಬಳಿದುಕೊಳ್ಳುತ್ತದೆ. ಆಮೇಲೆ ಜಗಲಿಯ ಹೊರಗೆ ಎನ್95 ಮಾಸ್ಕು ಹಾಕಿಕೊಂಡು ಐದು ತಿರುಪು ಬಿಚ್ಚಿ. ಒಳಗಿನ ಎರಡು ತೆಳು ಹಾಳೆ, ಎರಡು ಚಿಕ್ಕ ರೋಲರ್, ಸ್ಪ್ರಿಂಗ್ ಮೇಲಿನ ಫೆಲ್ಟ್ ತುಂಡು ಯಾವುದು ಎಲ್ಲಿತ್ತು ಅಂತ ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಟೇಪಿನ ಎರಡು ಸುರುಳಿಯನ್ನು ಎತ್ತಿ ಅಂಚನ್ನು ಒಣ ಮೆದು ಬ್ರಶ್ಶಿನಲ್ಲಿ ಉಜ್ಜಿ, ಬೇರೆ ಸ್ವಚ್ಛ ಕವಚಕ್ಕೆ ವರ್ಗಾಯಿಸಿ. ಕಂಪನಿಯ ಕ್ಯಾಸೆಟ್‌ಗಳಲ್ಲಿ ಬೇಡವಾದ ಒಂದೆರಡನ್ನು ಇದಕ್ಕೇ ತೆಗೆದಿಡಿ, ತಿರುಪು ಇರುವಂಥದ್ದು. ಕೆಲವು ಕ್ಯಾಸೆಟ್ ತಿರುಪಿಲ್ಲದೆ ಅಂಟಿಸಿರುತ್ತವೆ. ಅವನ್ನು ಬೆಸುಗೆಯ ಗೆರೆಯುದ್ದಕ್ಕೂ ಬ್ಲೇಡಿನಲ್ಲಿ ನಿಧಾನವಾಗಿ ಸೀಳಬೇಕು, ತಲೆ ಕಡೆಯಿಂದ ಬೇಡ, ಹಿಂಬದಿಯಿಂದ.

ಫೆಲ್ಟ್ ತುಂಡು ಬಿದ್ದಿದ್ದರೆ ಧ್ವನಿ ಮಂಕಾಗಿ, ಬಂದು ಹೋಗಿ ಮಾಡುತ್ತದೆ. ಟೇಪು ಹೆಡ್ಡಿಗೆ ಒತ್ತುವುದಿಲ್ಲ ಅಷ್ಟೇ, ರೆಕಾರ್ಡಿಂಗ್ ಹಾಳಾಗಿರುವುದಿಲ್ಲ. ಸತ್ತ ಕ್ಯಾಸೆಟ್ಟಿನಿಂದ ಸ್ಪ್ರಿಂಗ್ ಸಮೇತ ತೆಗೆದು ಕೂರಿಸಿ. ಟೇಪು ತುಂಡಾಗಿದ್ದರೆ ಸೆಲ್ಲೋ ಟೇಪ್ ಹಚ್ಚಬೇಡಿ, ಅದರ ಅಂಟು ಸೆಕೆಗೆ ಒಸರಿ ಪಕ್ಕದ ಸುತ್ತಿಗೆ ಅಂಟುತ್ತದೆ. 3.81 ಮಿ.ಮೀ. ಅಗಲದ ಸ್ಪ್ಲೈಸಿಂಗ್ ಟೇಪೇ ಬೇಕು, ಎರಡೂ ತುದಿ ಓರೆಯಾಗಿ ಕತ್ತರಿಸಿ ಹಿಂಬದಿಗೆ ಹಚ್ಚಬೇಕು.

ಎಲ್ಲ ಕ್ಯಾಸೆಟ್ಟನ್ನೂ ಬಾರಿಸುವ ಮೊದಲು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ. ವರ್ಷಾನುಗಟ್ಟಲೆ ಒಂದೇ ಸುತ್ತಿನಲ್ಲಿ ಇದ್ದದ್ದು ಸಡಿಲವಾಗುತ್ತದೆ. 120 ನಿಮಿಷದ ಕ್ಯಾಸೆಟ್ಟಿಗೆ ಮಾತ್ರ ಇದು ಬೇಡ. 60ರ ಟೇಪು ಸುಮಾರು 18 ಮೈಕ್ರಾನ್ ದಪ್ಪ, 90ರದ್ದು 12, 120ರದ್ದು 9. ವೇಗವಾಗಿ ಸುತ್ತಿದರೆ ಎಳೆದುಕೊಂಡು ಹೋಗುತ್ತದೆ. ಅದನ್ನು ಪೆನ್ನು ತೂರಿಸಿ ಕೈಯಿಂದಲೇ ಸುತ್ತಿ. ಇಡೀ ರಾತ್ರಿಯ ಆಟ ಕಡಿಮೆ ಕ್ಯಾಸೆಟ್ಟಿನಲ್ಲಿ ಮುಗಿಯಲಿ ಅಂತ ಎಷ್ಟೋ ಜನ 120ರದ್ದೇ ತರುತ್ತಿದ್ದರು, ಅದಕ್ಕೇ ಎಚ್ಚರಿಸುತ್ತಿದ್ದೇನೆ.

ಹೊಳೆಸಾಲು:
ತುಂಬ ಉಪಕಾರವಾಯಿತು. ಇನ್ನೊಂದು ಸಂಶಯ. ಒಂದೆರಡು ಕ್ಯಾಸೆಟ್ ಹಿಂದೆ ಬಾರಿಸಿದಾಗ ಭಾಗವತರ ಧ್ವನಿ ಚಿಕ್ಕ ಹುಡುಗರ ಹಾಗೆ ಕೇಳುತ್ತಿತ್ತು. ಡೆಕ್ಕಿನ ದೋಷವೋ, ಟೇಪಿನದೋ?

ಕಪ್ಪು ಮೂರು:
ಬಹುತೇಕ ರೆಕಾರ್ಡ್ ಮಾಡಿದಾಗಿನ ಸೆಲ್ಲು. ರಾತ್ರಿ ಕಳೆದಂತೆ ಸೆಲ್ಲು ಇಳಿದು ಮೋಟಾರು ನಿಧಾನವಾಗುತ್ತದೆ. ನಿಧಾನಕ್ಕೆ ತುಂಬಿದ್ದನ್ನು ಈಗ ಸರಿಯಾದ ವೇಗದಲ್ಲಿ ಬಾರಿಸಿದರೆ ಮೇಲಿನ ಶ್ರುತಿಗೆ ಹೋಗುತ್ತದೆ. ಹಾಗಾಗಿ ಬೆಳಗಿನ ಜಾವದ ಕ್ಯಾಸೆಟ್‌ಗಳಲ್ಲಿ ಇದು ಹೆಚ್ಚು.

ಅಳೆಯಲು ಎರಡು ದಾರಿ. ಮೊದಲನೆಯದು ಶ್ರುತಿ. ಕಪ್ಪು ಎರಡು, ಅಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಮನೆಯ ಶ್ರುತಿ, 311 ಹರ್ಟ್ಜ್ ಹತ್ತಿರ. ಭಾಗವತರು ಕಪ್ಪು ಎರಡರಲ್ಲೇ ಹಾಡಿದ್ದು ಅಂತ ಗೊತ್ತಿದ್ದು ಈಗ 330 ತೋರಿಸಿದರೆ ಟೇಪು ಶೇ. 6 ಜೋರಾಗಿ ಓಡುತ್ತಿದೆ. ಎರಡನೆಯದು ಕರೆಂಟಿನ ಗುಂಯ್. ಆಂಪ್ಲಿಫೈಯರಿನ ಹಮ್ಮು ಮೈಕಿನ ಮೂಲಕ ಟೇಪಿಗೂ ಬಂದಿರುತ್ತದೆ. ಆಡಾಸಿಟಿಯ ಸ್ಪೆಕ್ಟ್ರಮ್ಮಿನಲ್ಲಿ ಅದು 50 ಅಥವಾ 100 ಹರ್ಟ್ಜಿನಲ್ಲಿ ಗೆರೆಯಾಗಿ ಕಾಣಬೇಕು. 53ರಲ್ಲಿ ಕಂಡರೆ ಅಷ್ಟೇ ಪ್ರಮಾಣ ಇಳಿಸಿ. ಆದರೆ ಡೇರೆ ಆಟದಲ್ಲೋ, ಕರೆಂಟಿಲ್ಲದ ಗದ್ದೆ ಬಯಲಿನಲ್ಲೋ ಜನರೇಟರ್ ಇದ್ದರೆ ಈ ಲೆಕ್ಕ ನಂಬಬೇಡಿ, ಲೋಡು ಬಿದ್ದಂತೆ ಅದರ ಆವರ್ತನವೇ ಅಲ್ಲಾಡುತ್ತದೆ. ಆಗ ಶ್ರುತಿಯೇ ಗತಿ. ಮೂಲ ಫೈಲನ್ನು ಹಾಗೇ ಇಟ್ಟು, ತಿದ್ದಿದ್ದನ್ನು ಬೇರೆ ಹೆಸರಿನಲ್ಲಿ ಉಳಿಸಿ.

ಧ್ವನಿ ಮಂಕಿದ್ದರೆ ಹೆಡ್ಡಿನ ಪಕ್ಕದ ಅಜಿಮತ್ ತಿರುಪು (ಹೆಡ್ಡಿನ ಓರೆ ಸರಿಪಡಿಸುವಂಥದ್ದು) ನೋಡಿ. ಮೂಲ ಜಾಗಕ್ಕೆ ಬಣ್ಣದ ಗುರುತು ಹಾಕಿ, ಎರಡೂ ಚಾನೆಲ್ ಕೂಡಿಸಿ ಮೋನೋ ಮಾಡಿ ಕೇಳುತ್ತ ತಿರುಪನ್ನು ಕಾಲು ಸುತ್ತಿಗಿಂತ ಕಡಿಮೆ ಆಚೀಚೆ ತಿರುಗಿಸಿ. ತಾಳದ ಟಣ್ ಎಲ್ಲಿ ಅತ್ಯಂತ ಚುರುಕಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಿ. ರೆಕಾರ್ಡ್ ಮಾಡಿದ ಮಷೀನು ಬೇರೆಯಾದರೆ ಜಾಗವೂ ಬೇರೆ. ಬರೀ ಇಷ್ಟರಿಂದ ಹೂತುಹೋದ ಅರ್ಥಗಾರಿಕೆಯ (ಪಾತ್ರಗಳ ಸಂಭಾಷಣೆಯ) ಮಾತು ಎದ್ದು ಬರುತ್ತದೆ, ಯಾವ ಸಾಫ್ಟ್‌ವೇರಿನಿಂದಲೂ ಅಷ್ಟು ಆಗದು.

ಯಾಣದ ದಾರಿ:
ಪುಸ್ತಕಕ್ಕೆ ಬರೋಣ. 280 ಪುಸ್ತಕ ಅಂದರೆ, ಡೆಮ್ಮಿ ಅಷ್ಟಾಂಶ ಅಳತೆಯ 200 ಪುಟದ ಪುಸ್ತಕ 250 ಗ್ರಾಂ ಹಿಡಿದರೆ 70 ಕೆ.ಜಿ. 23 ಕೆ.ಜಿ.ಯ ಪೆಟ್ಟಿಗೆ ಮೂರು. ಎಲ್ಲ ಒಯ್ಯುವ ಯೋಚನೆ ಬಿಡಿ. ಅಂಗಡಿಯಲ್ಲಿ ಮರುಮುದ್ರಣ ಸಿಗುವವನ್ನು ಮೊದಲು ಬೇರ್ಪಡಿಸಿ. ಆದರೆ ಒಂದು ಮಾತು. ಬೇರ್ಪಡಿಸುವ ಮೊದಲು ಪ್ರತಿಯೊಂದರ ಮೊದಲ ಹಾಳೆ, ಕೊನೆಯ ಹಾಳೆ ತೆರೆದು ನೋಡಿ. ಮದುವೆಗೆ ಉಡುಗೊರೆ ಕೊಟ್ಟವರ ಹೆಸರು, ಅಡಕೆ ಧಾರಣೆ ಗೀಚಿದ್ದು, ಶಾಲೆಯ ಬಹುಮಾನದ ಚೀಟಿ, ಬಸ್ಸಿನ ಟಿಕೆಟು ಇರುತ್ತದೆ. ಅಂಥ ಪ್ರತಿಯ ಬದಲು ಹೊಸ ಮುದ್ರಣ ಆಗಿಬರುವುದಿಲ್ಲ. ಅವು ಹತ್ತಿಪ್ಪತ್ತು ಇರಬಹುದು, ಅವನ್ನೇ ಒಯ್ಯಿರಿ. ನಡುವೆ ಸಿಕ್ಕ ಚೀಟಿ ಎಷ್ಟನೇ ಪುಟದಲ್ಲಿತ್ತು ಅಂತ ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಬರೆದು ಅಲ್ಲೇ ಇಡಿ.

ಅಟ್ಟದಿಂದ ಇಳಿಸಿದ ಕೂಡಲೇ ಬಿಸಿಲಿಗೆ ಹರವುವುದು ನಮ್ಮ ಕಡೆ ರೂಢಿ. ಅಡಕೆಗೆ ಸರಿ, ಪುಸ್ತಕಕ್ಕೆ ಅಲ್ಲ. ರಟ್ಟು ಬಾಗುತ್ತದೆ, ಹಳೇ ಕಾಗದ ಇನ್ನಷ್ಟು ಪೆಡಸಾಗುತ್ತದೆ. ಜಗಲಿಯ ನೆರಳಿನಲ್ಲಿ, ಗಾಳಿ ಆಡುವಲ್ಲಿ, ಪುಸ್ತಕವನ್ನು ಬೀಸಣಿಗೆಯ ಹಾಗೆ ಅರ್ಧ ತೆರೆದು ನಿಲ್ಲಿಸಿ. ಜನವರಿಯಲ್ಲಿ ಒಂದು ಹಗಲು ಸಾಕು. ಬೂಸ್ಟು ಇದ್ದರೆ ಒಣಗಿದ ಮೇಲೆ ಬೆನ್ನಿನಿಂದ ಹೊರಕ್ಕೆ ಬ್ರಶ್ ಹೊಡೆಯಿರಿ, ಒದ್ದೆ ಬಟ್ಟೆ ಮುಟ್ಟಿಸಬೇಡಿ.

ಹುಳಕ್ಕೆ ನುಸಿಗುಳಿಗೆ ಮದ್ದಲ್ಲ. ಹುಳ ಆಚೆ ಸರಿಯುತ್ತದೆಯೇ ಹೊರತು ಮೊಟ್ಟೆ ಸಾಯುವುದಿಲ್ಲ, ವಾಸನೆ ಕಾಗದಕ್ಕೆ ಕೂತರೆ ಹೋಗುವುದೂ ಇಲ್ಲ. ಬೇವಿನ ಸೊಪ್ಪು ಪೂರ್ತಿ ಒಣಗಿರದಿದ್ದರೆ ಅದೇ ಬೂಸ್ಟಿಗೆ ಮೂಲ. ನಂಬುವಂಥದ್ದು ಚಳಿ: ಪುಸ್ತಕವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಮೈನಸ್ 18-20 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ. ತೆಗೆದ ಮೇಲೆ ಚೀಲ ಬಿಚ್ಚದೆ ಒಂದು ಇಡೀ ದಿನ ಹೊರಗಿಡಿ. ತಣ್ಣಗಿರುವಾಗಲೇ ಬಿಚ್ಚಿದರೆ ನಮ್ಮ ಕರಾವಳಿಯ ಗಾಳಿಯ ನೀರೆಲ್ಲ ಪುಟದ ಮೇಲೆ ಕೂರುತ್ತದೆ. ಮನೆಯ ಫ್ರಿಜ್ಜಿನ ಐಸ್ ಡಬ್ಬದಲ್ಲಿ ಅಷ್ಟು ಚಳಿ ಬರುವುದಿಲ್ಲ. ನಿಮ್ಮ ಟೊರೊಂಟೊದ ಫ್ರೀಜರಿನಲ್ಲಿ ಇದು ಸುಲಭ, ಹಾಗಾಗಿ ಚೀಲದಲ್ಲಿ ಬಿಗಿದೇ ಒಯ್ಯಿರಿ, ಬಿಚ್ಚದೆ ನೇರ ಫ್ರೀಜರಿಗೆ ಹಾಕಿ. ಒರಲೆ ಹಿಡಿದದ್ದು, ಜೀವಂತ ಹುಳ ಕಂಡದ್ದು ಮಾತ್ರ ಬೇಡ. ಮಣ್ಣು ಅಂಟಿದ ವಸ್ತು, ಜೀವಂತ ಹುಳ ಯಾವ ದೇಶದ ವಿಮಾನ ನಿಲ್ದಾಣದಲ್ಲೂ ತೊಂದರೆಯೇ.

ಊರಲ್ಲಿ ಬಿಟ್ಟುಬರುವುದಕ್ಕೆ: ಸ್ಟೀಲ್ ಕಪಾಟು ಒಳ್ಳೆಯದೇ, ಆದರೆ ಚಿರೇಕಲ್ಲಿನ ಹೊರಗೋಡೆಗೆ ತಾಗಿಸಿ ಇಟ್ಟರೆ ಆಷಾಢದಲ್ಲಿ ಒಳಗೆ ಬೆವರುತ್ತದೆ. ಒಳಗೋಡೆಯ ಕಡೆ, ಗೋಡೆಯಿಂದ ನಾಲ್ಕು ಇಂಚು ಬಿಟ್ಟು, ನೆಲದಿಂದ ಎತ್ತರಿಸಿ ಇಡಿ. ತೇವ ಶೇ. 65 ದಾಟಿದರೆ ಬೂಸ್ಟು ಶುರು, ಮಳೆಗಾಲದಲ್ಲಿ ನಮ್ಮಲ್ಲಿ ಅದು ನಿತ್ಯವೂ ದಾಟುತ್ತದೆ. ಹಾಗಾಗಿ ಬರೀ ಕಪಾಟಿಗಿಂತ ರಬ್ಬರ್ ಅಂಚಿನ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬ ವಾಸಿ, ಜನವರಿ-ಫೆಬ್ರವರಿಯ ಒಣಹವೆಯಲ್ಲೇ ತುಂಬಿ ಮುಚ್ಚಬೇಕು. ಡಬ್ಬಕ್ಕೆ 200 ಗ್ರಾಂ ಸಿಲಿಕಾ ಜೆಲ್, ಬಣ್ಣ ಬದಲಾಗುವಂಥದ್ದು. ಬಣ್ಣ ಬದಲಾದರೆ 120 ಡಿಗ್ರಿಯಲ್ಲಿ ಎರಡು-ಮೂರು ತಾಸು ಬಿಸಿ ಮಾಡಿ ಮತ್ತೆ ಬಳಸಬಹುದು.

ಸದಾಶಿವಗಡ:
ಗ್ರಾಮಫೋನ್ ತಟ್ಟೆ ಬಗ್ಗೆ ಯಾರೂ ಬರೆದಿಲ್ಲ. 25 ಸೆಂ.ಮೀ. ಅಗಲ, ದಪ್ಪ, ಭಾರ ಇದ್ದರೆ ಅದು 78 ವೇಗದ ಅರಗಿನ ತಟ್ಟೆ. ಅದನ್ನು ಆಲ್ಕೋಹಾಲಿನಲ್ಲಿ ಒರೆಸಿದರೆ ಅರಗು ಕರಗುತ್ತದೆ, ಹಾಡು ಹೋಯಿತು. ಭಟ್ಟಿ ಇಳಿಸಿದ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು, ಮೆದು ಬ್ರಶ್ಶು, ಗೆರೆಯ ದಿಕ್ಕಿನಲ್ಲೇ ಉಜ್ಜಿ, ನಡುವಿನ ಲೇಬಲ್ ನೆನೆಯದಂತೆ ನೋಡಿಕೊಂಡು ಆ ಕ್ಷಣವೇ ಒರೆಸಿ. ಎಲ್‌ಪಿಯ ಮುಳ್ಳಿನಲ್ಲಿ ಬಾರಿಸಬೇಡಿ. 78ರ ಗೆರೆ ಮೂರು-ನಾಲ್ಕು ಪಟ್ಟು ಅಗಲ, ಸಣ್ಣ ಮುಳ್ಳು ತಳದ ಧೂಳಿನಲ್ಲಿ ಕೆರೆಯುತ್ತದೆ. ಒಂದರ ಮೇಲೊಂದು ಪೇರಿಸಬೇಡಿ, ನಿಲ್ಲಿಸಿ ಇಡಿ. ಕೈಚೀಲದಲ್ಲಿ ರಟ್ಟಿನ ನಡುವೆ ಒಯ್ಯಬಹುದು.

ಊರಿನ ಹಳೇ ಟರ್ನ್‌ಟೇಬಲ್ಲನ್ನು ಕೆನಡಾಕ್ಕೆ ಒಯ್ಯುವುದಾದರೆ ವೋಲ್ಟೇಜು ಬದಲಿಸುವ ಟ್ರಾನ್ಸ್‌ಫಾರ್ಮರ್ ಒಂದೇ ಸಾಲದು. ಕೆಲವದರ ಮೋಟಾರು ಕರೆಂಟಿನ ಆವರ್ತನಕ್ಕೆ ಕಟ್ಟುಬಿದ್ದಿರುತ್ತದೆ. ನಮ್ಮದು 50, ಅಲ್ಲಿ 60, ಹಾಡು ಶೇ. 20 ಜೋರಾಗಿ ಓಡುತ್ತದೆ. ಕ್ಯಾಸೆಟ್ ಡೆಕ್ಕುಗಳದ್ದು ಬಹುತೇಕ ಡಿಸಿ ಮೋಟಾರು, ಅದಕ್ಕೆ ಈ ತೊಂದರೆ ಇಲ್ಲ.

ತಟ್ಟೆಗಳಲ್ಲಿ ಮರಾಠಿ ನಾಟ್ಯಸಂಗೀತ ಸಿಕ್ಕರೆ ಬೇರೆ ಯಾರದೋ ಅಂತ ಬಿಸಾಡಬೇಡಿ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿಗೆ ಸೇರಿತ್ತು. ಆ ಕಾಲದ ಮನೆಗಳಲ್ಲಿ ಕನ್ನಡ, ಕೊಂಕಣಿ, ಮರಾಠಿ ಮೂರೂ ಒಂದೇ ಟ್ರಂಕಿನಲ್ಲಿ ಇರುವುದು ಸಹಜ. ಕಾಗದಪತ್ರಗಳಲ್ಲಿ ಮೋಡಿ ಲಿಪಿಯವೂ (ಮರಾಠಿಯ ಹಳೇ ಕೂಡುಬರಹ) ಇರಬಹುದು.

ಮುಖ್ಯವಾದದ್ದು ಇನ್ನೊಂದು. ಅಜ್ಜನ ಕೈಬರಹದ ಪ್ರಸಂಗ ಎಷ್ಟು ಹಳೆಯದು? 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ 75 ವರ್ಷ ದಾಟಿದ, ಸಾಹಿತ್ಯಿಕ ಮೌಲ್ಯದ ಹಸ್ತಪ್ರತಿ ಪ್ರಾಚ್ಯವಸ್ತು ಆಗುತ್ತದೆ, ಖಾಸಗಿಯವರು ದೇಶದ ಹೊರಗೆ ಒಯ್ಯುವ ಹಾಗಿಲ್ಲ. ತಾಳೆಗರಿ ಇದ್ದರಂತೂ ಮುಟ್ಟಲೇಬೇಡಿ. ಫೋಟೋ ತೆಗೆದುಕೊಂಡು ಮೂಲವನ್ನು ಇಲ್ಲೇ ಬಿಡಿ.

ಹೊಳೆಸಾಲು:
ಪಟ್ಟಿಗಳಲ್ಲಿ ಒಂದರ ಮೇಲೆ 1941 ಅಂತ ಇದೆ. ಹಾಗಾದರೆ ಒಯ್ಯುವುದಿಲ್ಲ. ಫೋಟೋ ತೆಗೆಯುವ ಕ್ರಮ ಹೇಳುತ್ತೀರಾ?

ಯಾಣದ ದಾರಿ:
ಮೊಬೈಲು ಸಾಕು. ಡೆಮ್ಮಿ ಪುಸ್ತಕ ತೆರೆದಿಟ್ಟರೆ 11 ಇಂಚು ಅಗಲ. 12 ಮೆಗಾಪಿಕ್ಸೆಲ್ ಚಿತ್ರದ ಅಗಲ 4000 ಚುಕ್ಕೆ, ಅಂದರೆ ಇಂಚಿಗೆ 360. ಅಕ್ಷರ ಗುರುತಿಸಲು 300 ಇದ್ದರೆ ಆಯಿತು. ಮೊಬೈಲನ್ನು ಸ್ಟ್ಯಾಂಡಿಗೆ ಬಿಗಿದು ನೇರ ಮೇಲಿನಿಂದ ತೆಗೆಯಿರಿ, ಕೈಯಲ್ಲಿ ಹಿಡಿದರೆ ಪ್ರತಿ ಪುಟ ಬೇರೆ ಬೇರೆ ಓರೆ. ಬೆಳಕು ಎಡ-ಬಲ ಎರಡೂ ಕಡೆಯಿಂದ, 45 ಡಿಗ್ರಿಯಲ್ಲಿ. ಫ್ಲ್ಯಾಶ್ ಬೇಡ. ಹೊಲಿಗೆ ಪೆಡಸಾದ ಪುಸ್ತಕವನ್ನು 180 ಡಿಗ್ರಿ ಒತ್ತಿ ತೆರೆದರೆ ಬೆನ್ನು ಬಿರಿಯುತ್ತದೆ. ಎರಡು ದಿಂಬಿನ ನಡುವೆ ಅರ್ಧ ತೆರೆದು, ಮೊದಲು ಎಲ್ಲ ಬಲಪುಟ, ಆಮೇಲೆ ಎಲ್ಲ ಎಡಪುಟ ತೆಗೆಯಿರಿ. ಅಜ್ಜನ ಶಾಯಿ ನೀರು ತಾಗಿದರೆ ಹರಡುತ್ತದೆ, ಬೆವರು ಕೈಯಲ್ಲಿ ಮುಟ್ಟಬೇಡಿ.

ಅಚ್ಚಾದ ಕನ್ನಡವನ್ನು ಅಕ್ಷರ ಗುರುತಿಸುವ ಟೆಸೆರಾಕ್ಟ್ ಸಾಫ್ಟ್‌ವೇರ್ ಆಗಲಿ ಗೂಗಲ್ ಡ್ರೈವ್ ಆಗಲಿ ಓದುತ್ತದೆ, ಹಳೇ ಮೊಳೆಯಚ್ಚಿನಲ್ಲಿ ಒತ್ತಕ್ಷರ ತಪ್ಪುತ್ತವೆ. ಕೈಬರಹಕ್ಕೆ ಅದನ್ನು ನೆಚ್ಚಬೇಡಿ. ಜಾಲದಲ್ಲಿ ಹಾಕುವ ಮೊದಲು ಹಕ್ಕುಸ್ವಾಮ್ಯದ ಲೆಕ್ಕ ನೋಡಿ: ಲೇಖಕರು ತೀರಿದ ಮುಂದಿನ ವರ್ಷದಿಂದ 60 ವರ್ಷ. ನಮ್ಮ ಕವಿ ದಿನಕರ ದೇಸಾಯಿಯವರು ತೀರಿದ್ದು 1982ರಲ್ಲಿ, ಅವರ ಚೌಪದಿಗಳಿಗೆ 2042ರ ಕೊನೆಯವರೆಗೆ ಹಕ್ಕು ಇರುತ್ತದೆ. ಮನೆಯಲ್ಲಿ ಓದಿಕೊಳ್ಳಲು ತೆಗೆದ ಪ್ರತಿ ಬೇರೆ, ಊರಿಗೆಲ್ಲ ಹಂಚುವುದು ಬೇರೆ.

ಕುಮಟೆ ಅಕ್ಕ:
ಎಲ್ಲರೂ ಯಂತ್ರದ ಮಾತಾಡಿದಿರಿ. ಆ ಕ್ಯಾಸೆಟ್ಟಿನಲ್ಲಿ ಇರುವುದು ಯಾರ ಧ್ವನಿ ಅಂತ ಹೇಳುವವರು ಮನೆಯಲ್ಲಿ ಈಗ ಎಷ್ಟು ಜನ ಉಳಿದಿದ್ದಾರೆ ತಮ್ಮಾ? ಟೇಪು ಇನ್ನೂ ಹತ್ತು ವರ್ಷ ತಾಳಬಹುದು. ಆಯಿಗೆ 80 ದಾಟಿದ್ದರೆ ಮೊದಲು ಅವರ ಹತ್ತಿರ ಕೂರು.

ಕ್ರಮ ಹೀಗಿರಲಿ. ಬೆಳಿಗ್ಗೆ ತುಂಬಿಸಿದ್ದನ್ನು ಮಧ್ಯಾಹ್ನ ಎರಡೆರಡು ನಿಮಿಷ ಕೇಳಿಸು. ಹೆಡ್‌ಫೋನ್ ಬೇಡ, ಸ್ಪೀಕರಿನಲ್ಲಿ. "ಇದು ಇಂಥವರಲ್ಲವಾ?" ಅಂತ ಹೆಸರು ನೀನೇ ಹೇಳಿದರೆ ಹಿರಿಯರು ಹೌದು ಅಂದುಬಿಡುತ್ತಾರೆ. "ಇದು ಯಾರು?" ಅಂತ ಮಾತ್ರ ಕೇಳು, ಸುಮ್ಮನಿರು. ಅವರು ಹೇಳುವುದನ್ನು ಇನ್ನೊಂದು ಮೊಬೈಲಿನಲ್ಲಿ ರೆಕಾರ್ಡ್ ಮಾಡು. ಒಂದು ಹೊತ್ತಿಗೆ 45 ನಿಮಿಷ ಸಾಕು, ಆಮೇಲೆ ದಣಿಯುತ್ತಾರೆ, ಹೆಸರುಗಳು ಕಲಸಿಹೋಗುತ್ತವೆ. ಇಸವಿ ನೆನಪಾಗದಿದ್ದರೆ ಇಸವಿ ಕೇಳಬೇಡ. ಅದು ಯಾರ ಮದುವೆಗೆ ಮುಂಚೆ, ಮನೆಗೆ ಕರೆಂಟು ಬಂದ ಮೇಲೋ ಮೊದಲೋ, ಹೊಳೆಗೆ ಸೇತುವೆ ಆಗಿತ್ತೋ ಇಲ್ಲ ದೋಣಿಯಲ್ಲಿ ಆಟಕ್ಕೆ ಹೋಗಿದ್ದೋ ಅಂತ ಕೇಳು. ಇಸವಿ ತಾನಾಗಿ ಹತ್ತಿರ ಬರುತ್ತದೆ.

ಫೈಲಿನ ಹೆಸರಲ್ಲಿ ಇಸವಿ, ಪ್ರಸಂಗ, ಸ್ಥಳ, ಭಾಗವತರು, ಕ್ಯಾಸೆಟ್ ಸಂಖ್ಯೆ, ಬದಿ ಇರಲಿ. ಗೊತ್ತಿಲ್ಲದ ಕಡೆ ಖಾಲಿ ಬಿಡು, ಊಹೆ ಬರೆಯಬೇಡ. ಲೇಬಲ್ಲನ್ನು ಒರೆಸುವ ಮೊದಲು ಅದರ ಫೋಟೋ.

ಸದಾಶಿವಗಡ:
ಅಕ್ಕ ಹೇಳಿದ್ದು ಸರಿ. ಇನ್ನು ಫೈಲುಗಳನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಅದೇ ಪ್ರತಿ ಅಂತ ನೆಚ್ಚಬೇಡಿ. ಮೂರು ಪ್ರತಿ ಇರಲಿ: ನಿಮ್ಮ ಹತ್ತಿರ ಒಂದು ಹಾರ್ಡ್ ಡಿಸ್ಕು, ಊರಲ್ಲಿ ತಂಗಿಯೋ ಅಣ್ಣನೋ ಅವರ ಹತ್ತಿರ ಒಂದು, ಜಾಲದಲ್ಲಿ ಒಂದು. ಪೆನ್‌ಡ್ರೈವಿನಲ್ಲಿ ತುಂಬಿ ಕಪಾಟಿನಲ್ಲಿಟ್ಟು ಹತ್ತು ವರ್ಷ ಮರೆತರೆ ಅದರಲ್ಲಿ ಏನೂ ಇರದಿರಬಹುದು. ಮತ್ತೆ, ತುಂಬಿಸಿದ ಮೇಲೆ ಒಂದು ಸಲ ಗದ್ದಲ ತೆಗೆಯುವ ಸೌಲಭ್ಯ ಹಾಯಿಸಿಬಿಡಿ. ಸುಯ್ ಅನ್ನುವ ಟೇಪಿನ ಸದ್ದು ಹೋದರೆ ಮಕ್ಕಳೂ ಕೂತು ಕೇಳುತ್ತಾರೆ.

ಕಪ್ಪು ಮೂರು:
ಈ ಕೊನೆಯ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಟೇಪಿನ ಸುಯ್ ಇರುವ ಎತ್ತರದಲ್ಲೇ ತಾಳದ ಕೊನೆಯ ಗುಂಗು, ಗೆಜ್ಜೆ, "ಸ"ಕಾರ ಇರುತ್ತವೆ. ಸಾಫ್ಟ್‌ವೇರಿಗೆ ಬೇರೆ ಮಾಡಲು ಬರುವುದಿಲ್ಲ. ಚಂಡೆಯ ಪೆಟ್ಟಿನ ಹಿಂದೆ ನೀರಿನೊಳಗಿನ ಗುಳುಗುಳು ಸದ್ದು ಬರುತ್ತದೆ. ಬೇಕಿದ್ದರೆ 40 ಹರ್ಟ್ಜಿನ ಕೆಳಗಿನದ್ದು ಮಾತ್ರ ಕತ್ತರಿಸಿ, ಅಲ್ಲಿ ಮೋಟಾರಿನ ಗುಡುಗು ಬಿಟ್ಟರೆ ಬೇರೇನಿಲ್ಲ.

ಕುಮಟೆ ಅಕ್ಕ:
ಗದ್ದಲ ಅಂತ ಯಾವುದಕ್ಕೆ ಹೇಳುತ್ತೀರಿ ಅನ್ನುವುದೂ ಇದೆ. ಆಟ ನಡೆಯುವುದು ಮಳೆ ಮುಗಿದ ಮೇಲೆ. ಮಳೆಗಾಲದಲ್ಲಿ ಮನೆಗಳಲ್ಲಿ ಆಗುತ್ತಿದ್ದದ್ದು ತಾಳಮದ್ದಳೆ, ವೇಷ-ಕುಣಿತ ಇಲ್ಲದೆ ಕೂತು ನಡೆಸುವಂಥದ್ದು. ಹಾಗೆ ಜಗಲಿಯಲ್ಲಿ ರೆಕಾರ್ಡ್ ಆದದ್ದಿದ್ದರೆ ಅರ್ಥದ ಹಿಂದೆ ಹೆಂಚಿನ ಮೇಲೆ ಮಳೆ ಬೀಳುವುದು ಉದ್ದಕ್ಕೂ ಇರುತ್ತದೆ. ತಮ್ಮಾ, ನೀನು ಬರುವುದು ಜನವರಿಗೆ. ಮಾರ್ಚಿಗೆ ಹೆಂಚು ಇಳಿಯುತ್ತದೆ. ಆ ಹೆಂಚಿನ ಮಳೆಯನ್ನು ಇನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಲು ಆಗುವುದಿಲ್ಲ. ಲೇಬಲ್‌ಗಳಲ್ಲಿ ಶ್ರಾವಣ, ಚೌತಿ, ಅಂಥದ್ದೇನಾದರೂ ಬರೆದದ್ದು ಇದೆಯಾ, ನೋಡಿಸು.

ಹೊಳೆಸಾಲು:
ಅಕ್ಕಾ, ಆಯಿಗೆ ಫೋನು ಮಾಡಿ ತಂಗಿಯಿಂದ ಲೇಬಲ್ ಓದಿಸಿದೆ. ನೀಲಿ ಶಾಯಿಯಲ್ಲಿ "ಕರ್ಣಪರ್ವ, ನಮ್ಮನೆ, ಚೌತಿ ಮರುದಿನ" ಅಂತ ಒಂದಿದೆ. ಎರಡು ಕ್ಯಾಸೆಟ್, 120ರವು. ಕಿಟಕಿಯಲ್ಲಿ ಬಿಳಿ ಪುಡಿ ಕಾಣುತ್ತಿದೆಯಂತೆ.

ಕಪ್ಪು ಮೂರು:
ಹಾಗಾದರೆ ಇವತ್ತೇ ತಂಗಿಗೆ ಹೇಳಿ ಆ ಎರಡನ್ನು ಅಟ್ಟದಿಂದ ಇಳಿಸಿ, ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿ ಇಡಿಸಿ. ಯಾರೂ ಬಾರಿಸಿ ನೋಡುವುದು ಬೇಡ, ಸುತ್ತುವುದೂ ಬೇಡ. ನೀವು ಬಂದ ಮೇಲೆ ಮೊದಲು ಬೇಡದ ಕಂಪನಿ ಕ್ಯಾಸೆಟ್ಟಿನಲ್ಲಿ ಬಿಚ್ಚಿ ಕೂರಿಸುವುದನ್ನು ಮೂರು-ನಾಲ್ಕು ಸಲ ಕೈಗೆ ರೂಢಿ ಮಾಡಿಕೊಳ್ಳಿ, ಐದನೇ ದಿನ ಇದನ್ನು ಹಿಡಿಯಿರಿ. ಒಮ್ಮೆಯೇ ಬಾರಿಸುವುದು ಅಂತ ಇಟ್ಟುಕೊಂಡು ಮಟ್ಟ ಮೈನಸ್ 18ಕ್ಕೆ ಇಳಿಸಿ, ಪ್ರತಿ ಬದಿಯ ನಂತರ ಹೆಡ್ಡು ಒರೆಸಿ. ಆಯಿಗೆ ಕೇಳಿಸುವುದು ಫೈಲಿನಿಂದ, ಕ್ಯಾಸೆಟ್ಟಿನಿಂದ ಅಲ್ಲ.